ಕಾಲಾಳಿನ ಪಟ್ಟಿ

ನನ್ನ ಎಡಗಾಲಿನ ವಿಷಯ ಶಿಕಾರಿಪುರದ ಪೇಟೆಯಲ್ಲಿ ನನಗಿಂತ ಹೆಚ್ಚಾಗಿ ಬೇರೆಯವರೇ ಮಾತಾಡಿದ್ದಾರೆ. ಬಾವಿಕಟ್ಟೆಯಲ್ಲಿ ಮಾತಾಡಿದರು, ಸಂತೆಯಲ್ಲಿ ಮಾತಾಡಿದರು, ಕ್ಷೌರಕ್ಕೆ ಕೂತ ಗಂಡಸರು ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಮಾತಾಡಿದರು. ಮೊಣಕಾಲಿನಿಂದ ಕೆಳಗೆ ನನ್ನದು ಅನ್ನುವುದು ಏನೂ ಉಳಿಯದ ಹಾಗೆ ಮಾಡಿಬಿಟ್ಟರು. ಈಗ ನಾನು ಹೇಳುತ್ತೇನೆ. ಕಾಲು ನನ್ನದು, ಹೇಳುವ ಹಕ್ಕೂ ನನ್ನದು.

ನನ್ನ ಹೆಸರು ಹುಲಿಯಮ್ಮ. ಬಸ್ಸು ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇದೆಯಲ್ಲ, ಅದು ನಮ್ಮದು. ಹಾಕಿಸಿದವರು ನನ್ನ ಯಜಮಾನರು, ಆನಂದಪ್ಪ. ಡೀಸೆಲ್ ಇಂಜಿನ್ನು ತಂದು ಕೂರಿಸಿದ ದಿನ ಅವರ ತಮ್ಮ ಚೌಡಪ್ಪ, ಈ ಸದ್ದಿಗೆ ಎಮ್ಮೆಗಳು ಹಾಲು ಕೊಡುವುದನ್ನೇ ಬಿಡುತ್ತವೆ ಅಂದಿದ್ದ. ಎಮ್ಮೆಗಳೇನೂ ಬಿಡಲಿಲ್ಲ. ಕನ್ನಡನಾಡು ಒಂದಾದ ವರ್ಷ ಯಜಮಾನರು ಜ್ವರದಲ್ಲಿ ತೀರಿಕೊಂಡರು. ಇದ್ದ ಒಬ್ಬ ಮಗಳು ಮದುವೆಯಾಗಿ ಹೊನ್ನಾಳಿ ಕಡೆ ಸೇರಿದ್ದಳು. ತಿಥಿಯ ಊಟ ಮುಗಿದ ಮರುದಿನ ನಾನು ಗಿರಣಿಯ ಬಾಗಿಲು ತೆಗೆದು, ಸೆರಗು ಬಿಗಿದು, ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ನಾಲ್ಕನೆಯ ಸಲಕ್ಕೆ ಅದು ಶುರುವಾಯಿತು. ಬೀದಿಯವರು ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಮನೆಗೆ ಹೋಗಿ ಜೋಳ ತಂದರು.

ಗಿರಣಿ ಅಂದರೆ ನಿಲ್ಲುವ ಕೆಲಸ. ಬುಟ್ಟಿ ಎತ್ತಿ ಗಿರಣಿಯ ಬಾಯಿಗೆ ಸುರಿಯಬೇಕು, ಕೆಳಗೆ ಬೀಳುವ ಹಿಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಬೇಕು, ಕಲ್ಲನ್ನು ಬಿಗಿ ಮಾಡಬೇಕು, ಸಡಿಲ ಮಾಡಬೇಕು. ಕಾಳು ಖಾಲಿಯಾಗಿ ಕಲ್ಲಿಗೆ ಕಲ್ಲು ತಾಗಿದರೆ ಹಿಟ್ಟು ಸುಟ್ಟ ವಾಸನೆ ಬರುತ್ತದೆ, ಅದನ್ನು ಉಂಡವರು ನಮ್ಮನ್ನು ಬಯ್ಯುತ್ತಾರೆ. ಹಾಗಾಗಿ ಕೂರುವ ಮಾತೇ ಇಲ್ಲ. ಬೆಳಿಗ್ಗೆ ನಿಂತವಳು ದೀಪ ಹಚ್ಚುವ ಹೊತ್ತಿಗೆ ಕೂರುತ್ತಿದ್ದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಎದ್ದವು. ಚರ್ಮದ ಒಳಗೆ ದಪ್ಪ ಎರೆಹುಳಗಳು ಸುತ್ತಿಕೊಂಡು ಮಲಗಿದ ಹಾಗೆ ಕಾಣುತ್ತಿತ್ತು. ಸಂಜೆಯಾದರೆ ಪಾದ ಊದಿ, ಕಾಲು ಸೀಸ ಕಟ್ಟಿದಷ್ಟು ಭಾರವಾಗುತ್ತಿತ್ತು. ಕಾಲುಂಗುರ ಇದ್ದಿದ್ದರೆ ಕತ್ತರಿಸಿ ತೆಗೆಯಬೇಕಾಗುತ್ತಿತ್ತೇನೋ. ಅದನ್ನು ಊರಿನವರು ಮೊದಲೇ ತೆಗೆಸಿದ್ದರು. ಆಮೇಲೆ ಕಣಕಾಲಿನ ಒಳಮಗ್ಗುಲು ಕಪ್ಪಾಯಿತು, ತುರಿಕೆ ಶುರುವಾಯಿತು. ಒಂದು ದಿನ ಡಬ್ಬದ ಅಂಚು ಅಲ್ಲಿಗೇ ತಾಗಿ ಗೀರಿತು. ಗೀರು ಹುಣ್ಣಾಯಿತು. ಬೇರೆ ಕಡೆ ಆದ ಗಾಯ ವಾರಕ್ಕೆ ಒಣಗುತ್ತದೆ, ಇದು ಮೂರು ತಿಂಗಳಾದರೂ ರಸಿಕೆ ಸುರಿಸುತ್ತಲೇ ಇತ್ತು.

ಪಕ್ಕದ ಮನೆಯ ಹುಚ್ಚಮ್ಮ ಬಂದು ನೋಡಿ, ನೀಲಿ ಬಣ್ಣ ಅಂದಮೇಲೆ ವಿಷವೇ, ನಾಗದೋಷವೇ ಅಂದಳು. ಹಾವು ಕಚ್ಚಿದರೆ ಕಟ್ಟುವುದಿಲ್ಲವೇ, ಹಾಗೆ ಮೊಣಕಾಲಿನ ಕೆಳಗೆ ಕಪ್ಪು ದಾರ ಬಿಗಿದು ಕಟ್ಟಿದರೆ ವಿಷ ಮೇಲೆ ಏರುವುದಿಲ್ಲ ಅಂತ ಅವಳೇ ಕಟ್ಟಿಯೂ ಕೊಟ್ಟಳು. ಪಾಪ, ಪ್ರೀತಿಯಿಂದಲೇ ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ದಾರದ ಕೆಳಗಿನ ಕಾಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಸಿಡಿಯತೊಡಗಿತು. ಚೀಲ ಬಿಚ್ಚುವ ಚಾಕುವಿನಿಂದ ದಾರ ಕೊಯ್ದು ಬಿಸಾಡಿದೆ.

ಚೌಡಪ್ಪ ಆಗಾಗ ಬಂದು ಹೊಸ್ತಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದ. ಅವನಿಗೆ ಗಿರಣಿ ಬೇಕಾಗಿತ್ತು. ಬೇಕು ಅಂತ ಬಾಯಿ ಬಿಟ್ಟು ಕೇಳುವ ಜಾತಿಯವನಲ್ಲ, ನಮಗೆ ಒಳ್ಳೆಯದಾಗಲಿ ಅಂತ ಕೇಳುವವನು. "ಕಾಲು ಹೋಗಾದಕ್ಕಿಂತ ಗಿರಣಿ ಬಿಡಾದು ವಾಸಿ ಅತ್ಗೆ. ಮನ್ಯಾಗೆ ಕುಂತ್ಕಂಡು ಉಣ್ರಿ, ಯಾರು ಬ್ಯಾಡ ಅಂತಾರೆ?" ಅನ್ನುತ್ತಿದ್ದ. ಕಲ್ಲನ್ನು ಯಾವ ಕಡೆ ತಿರುಗಿಸಿದರೆ ಹಿಟ್ಟು ನುಣ್ಣಗಾಗುತ್ತದೆ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಅವನ ಹೆಂಡತಿ ತುಂಗಮ್ಮ, ನನ್ನ ವಾರಗಿತ್ತಿ, ಹತ್ತು ವರ್ಷದಲ್ಲಿ ಆರು ಹೆತ್ತವಳು. ಗಂಡ ಮಾತಾಡುವಾಗ ಗೋಡೆ ನೋಡುತ್ತಾ ನಿಂತಿರುತ್ತಿದ್ದಳು. ಇಬ್ಬರನ್ನು ಕಂಡರೂ ನನಗೆ ಸಿಟ್ಟು ಬರುತ್ತಿತ್ತು. ಅವನ ಮೇಲೆ ಅವನ ಮಾತಿಗೆ, ಅವಳ ಮೇಲೆ ಅವಳ ಮೌನಕ್ಕೆ.

ನನ್ನ ತವರು ಆನವಟ್ಟಿಯ ಹತ್ತಿರ. ಅಪ್ಪ ಕಲ್ಲಪ್ಪ ಮಹಾರಾಜರ ಕುದುರೆ ದಳದಲ್ಲಿ ಸವಾರನಾಗಿದ್ದವನು. ದಸರಾಕ್ಕೆ ಮುಂಚೆ ಒಂದು ದಿನ ತವರಿಗೆ ಹೋದಾಗ ನನ್ನ ಅವ್ವ ಗುಡ್ಡಮ್ಮ ಅಪ್ಪನ ತಗಡಿನ ಪೆಟ್ಟಿಗೆಯನ್ನು ಬಿಸಿಲಿಗೆ ತೆಗೆದಿದ್ದಳು. ಒಳಗೆ ಅವನ ಕಾಲಿನ ಪಟ್ಟಿಗಳಿದ್ದವು. ಪೊಲೀಸಿನವರು ಕಾಲಿಗೆ ಸುತ್ತಿಕೊಳ್ಳುತ್ತಾರಲ್ಲ, ಅಂಥದೇ ಖಾಕಿ ಉಣ್ಣೆಯ ಉದ್ದನೆಯ ಪಟ್ಟಿ, ಎರಡು ಉಂಡೆ. ಬದುಕಿದ್ದಾಗ ಅಪ್ಪ ಹೇಳುತ್ತಿದ್ದ, ದಿನವಿಡೀ ಸವಾರಿ ಮಾಡಿದರೂ ಪಟ್ಟಿ ಕಟ್ಟಿದ ಕಾಲು ಸೋಲುವುದಿಲ್ಲ ಅಂತ. ಆ ಮಾತು ನೆನಪಾಗಿ ಉಂಡೆಗಳನ್ನು ಮಡಿಲಿಗೆ ಹಾಕಿಕೊಂಡು ಬಂದೆ. ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಜಕ್ಕೆ ಬಂದಾಗ ಅಪ್ಪ ಕಟ್ಟಿ ತೋರಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಮೊಣಕಾಲಿನ ಕೆಳಗೆ ಬಿಗಿಯಾಗಿ ಶುರು, ಸುತ್ತುತ್ತಾ ಸುತ್ತುತ್ತಾ ಇಳಿದು, ಕಣಕಾಲಿನಲ್ಲಿ ಲಾಡಿ ಕಟ್ಟಿ ಮುಗಿಸುವುದು. ಎರಡೂ ಕಾಲಿಗೆ ಹಾಗೇ ಕಟ್ಟಿದೆ.

ಗಿರಣಿಯಲ್ಲಿ ಸೀರೆ ಇಳಿಬಿಡುವ ಹಾಗಿಲ್ಲ, ಬೆಲ್ಟಿಗೆ ಸಿಕ್ಕಿದರೆ ಆಳನ್ನೇ ಎಳೆದುಕೊಳ್ಳುತ್ತದೆ. ಸೀರೆಯನ್ನು ಎತ್ತಿ ಕಟ್ಟುತ್ತಿದ್ದುದರಿಂದ ಖಾಕಿ ಪಟ್ಟಿ ಬೀದಿಗೇ ಕಾಣುತ್ತಿತ್ತು. ಮೊದಲ ದಿನವೇ ನನಗೆ ದಫೇದಾರಮ್ಮ ಅಂತ ಹೆಸರು ಬಿತ್ತು. ಬುಟ್ಟಿ ಇಳಿಸಿ ಸೆಲ್ಯೂಟ್ ಹೊಡೆದು ನಗುವವರು ಹೆಚ್ಚಾದರು. ಸೆಲ್ಯೂಟ್ ಹೊಡೆದವರ ರಾಗಿಯನ್ನು ತರಿತರಿಯಾಗಿ ಬೀಸಿ ಕೊಟ್ಟೆ. ಎರಡು ದಿನ ಮುದ್ದೆ ನುಂಗಲಾಗದೆ ಒದ್ದಾಡಿದ ಮೇಲೆ ಸೆಲ್ಯೂಟ್ ಕಡಿಮೆಯಾಯಿತು.

ಆದರೆ ಕಾಲು ನನ್ನ ಮರ್ಯಾದೆ ಉಳಿಸಲಿಲ್ಲ. ಪಟ್ಟಿಯ ಕೆಳಗೆ ಪಾದ ಇನ್ನಷ್ಟು ಊದಿತು, ಬೆರಳುಗಳು ಜೋಮು ಹಿಡಿದವು, ಹುಣ್ಣು ಹಿಗ್ಗಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಗಂಡಸಿನ ಉಡುಪು ಹೆಂಗಸು ತೊಟ್ಟರೆ ಮತ್ತೇನಾಗುತ್ತದೆ ಅಂತ ಊರು ತೀರ್ಪು ಕೊಟ್ಟಿತು. ನಾನು ಹಟಕ್ಕೆ ಇನ್ನೂ ಬಿಗಿಯಾಗಿ ಕಟ್ಟಿದೆ. ಹಟದಿಂದ ಕಟ್ಟಿದರೆ ಬಾವು ಕೇಳುತ್ತದೆಯೇ?

ಅದೇ ಹೊತ್ತಿಗೆ ಚೌಡಪ್ಪ ಇಬ್ಬರು ಹಿರಿಯರನ್ನು ಕರೆತಂದ. ಒಬ್ಬರು ಎದುರು ಬೀದಿಯ ರಾಮಪ್ಪ, ಇನ್ನೊಬ್ಬರು ಅವರ ಭಾವ. ಇಬ್ಬರೂ ನಮ್ಮ ಮನೆ ಪಾಲಾದಾಗ ಪಂಚಾಯ್ತಿಗೆ ಕೂತಿದ್ದವರು. ಗಿರಣಿ ಆನಂದಪ್ಪನ ಪಾಲಿಗೆ ಬಂದದ್ದೇನೋ ಸರಿ, ಆದರೆ ನಡೆಸುವ ಶಕ್ತಿ ಇಲ್ಲದ ಮೇಲೆ ಮನೆತನದ ಗಂಡಸಿಗೆ ಬಿಟ್ಟುಕೊಡುವುದು ಲಕ್ಷಣ ಅಂತ ರಾಮಪ್ಪನವರು ಮೆಲ್ಲಗೆ ಬುದ್ಧಿ ಹೇಳಿದರು. ಕಾಲು ಕೊಳೆತರೆ ಯಾರು ನೋಡುತ್ತಾರೆ ಅಂತಲೂ ಕೇಳಿದರು. ಅವರು ಕೆಟ್ಟವರಲ್ಲ. ಒಳ್ಳೆಯವರ ಬಾಯಲ್ಲಿ ಬಂದದ್ದಕ್ಕೇ ನನಗೆ ಮೈ ಉರಿಯಿತು.

"ಶಿವರಾತ್ರಿ ತನಕ ಬಿಡ್ರಿ," ಅಂದೆ. "ಅಷ್ಟರೊಳಗೆ ಈ ಹುಣ್ಣು ಒಣಗದಿದ್ರೆ ಗಿರಣಿ ಬೀಗದಕೈ ನಾನೇ ಚೌಡಪ್ಪನ ಕೈಯಾಗೆ ಇಡ್ತೀನಿ. ಒಣಗಿದ್ರೆ, ಅವನು ಈ ಹೊಸ್ತಿಲು ತುಳಿಯೋದು ಜೋಳದ ಬುಟ್ಟಿ ಹೊತ್ಕಂಡು ಬಂದಾಗ ಮಾತ್ರ."

ಹಿರಿಯರು ಆಗಲಿ ಅಂದರು. ಚೌಡಪ್ಪ ತಕ್ಷಣ ಒಪ್ಪಿದ. ಅವನು ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಹೆದರಿಕೆಯಾಯಿತು. ಮಾತು ಕೊಟ್ಟವಳು ನಾನು, ಅದನ್ನು ಉಳಿಸಬೇಕಾದದ್ದು ಈ ಕಾಲು. ಅದಕ್ಕೆ ನನ್ನ ಮಾತು ಕೇಳುವ ಅಭ್ಯಾಸವೇ ಇರಲಿಲ್ಲ.

ದೀಪಾವಳಿಗೆ ತವರಿಗೆ ಹೋದೆ. ಬಸ್ಸಿನಿಂದ ಇಳಿದು ಕುಂಟುತ್ತಾ ಬಂದ ನನ್ನನ್ನು ನೋಡಿ ಅವ್ವ ಹೋಳಿಗೆಯ ಹೂರಣ ಅಲ್ಲಿಗೇ ಬಿಟ್ಟು ಓಡಿ ಬಂದಳು, ಮರುದಿನವೇ ಸೊರಬಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನಾಗಪತಿ ಡಾಕ್ಟರು ಅಂತ ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಅವರ ಕಾಂಪೌಂಡರ್ ಜಟ್ಟಪ್ಪ ಯುದ್ಧದ ಕಾಲದಲ್ಲಿ ಸಿಪಾಯಿಯಾಗಿ ಬರ್ಮಾ ಗಡಿಯವರೆಗೆ ನಡೆದು ಬಂದಿದ್ದ ಆಳು.

ಡಾಕ್ಟರು ಪಟ್ಟಿ ನೋಡಿ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು. ಬಿಚ್ಚಿಸಿ, ಪಾದದ ಮೇಲೆ ಎರಡು ಬೆರಳಿಟ್ಟು ತುಂಬ ಹೊತ್ತು ನಾಡಿ ನೋಡಿದರು. ಕಣಕಾಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರು, ಒತ್ತಿದ ಜಾಗ ಗುಳಿಯಾಗಿಯೇ ಉಳಿಯಿತು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ರಕ್ತವನ್ನು ಕೆಳಗೆ ಕಳಿಸಲು ಎದೆಯಲ್ಲಿ ಹೃದಯ ಇದೆ. ಅದು ಸರಿಯಾಗಿ ಕಳಿಸುತ್ತಿದೆ, ಪಾದದಲ್ಲಿ ನಾಡಿ ಗಟ್ಟಿಯಾಗಿದೆ. ಆದರೆ ಇಳಿದದ್ದು ಮತ್ತೆ ಹತ್ತಬೇಕಲ್ಲ, ಅದನ್ನು ಹತ್ತಿಸುವುದು ಮೀನಖಂಡ. ನಡೆಯುವಾಗ ಮೀನಖಂಡ ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಜಾರದ ಹಾಗೆ ನರದ ಒಳಗೆ ಸಣ್ಣ ಸಣ್ಣ ಬಾಗಿಲುಗಳಿವೆ. ವರ್ಷಗಟ್ಟಲೆ ಒಂದೇ ಕಡೆ ನಿಂತರೆ, ಹೆರಿಗೆಗಳಾದರೆ, ನರ ಹಿಗ್ಗಿ ಆ ಬಾಗಿಲುಗಳು ಒಂದಕ್ಕೊಂದು ಸೇರುವುದಿಲ್ಲ. ರಕ್ತ ಕೆಳಗೇ ನಿಲ್ಲುತ್ತದೆ, ಕಾಲು ಊದುತ್ತದೆ, ಚರ್ಮ ಸೊರಗುತ್ತದೆ, ಗಾಯ ಒಣಗುವುದಿಲ್ಲ. ನಾಗನೂ ಅಲ್ಲ, ದೋಷವೂ ಅಲ್ಲ. ಹೊರಗಿನಿಂದ ಒತ್ತಿ ಹಿಡಿದರೆ ನರ ಕಿರಿದಾಗಿ ಬಾಗಿಲುಗಳು ಮತ್ತೆ ಸೇರುತ್ತವೆ, ಪಟ್ಟಿ ಕಟ್ಟಬೇಕು ಅಂದುಕೊಂಡದ್ದು ನಿಮ್ಮ ಬುದ್ಧಿವಂತಿಕೆಯೇ ಅಂದರು.

ಮತ್ತೆ ಯಾಕೆ ಹೆಚ್ಚಾಯಿತು ಅಂತ ಕೇಳಿದೆ. ಕಟ್ಟಿ ತೋರಿಸಿ ಅಂದರು. ಮೊಣಕಾಲಿನ ಕೆಳಗೆ ಬಿಗಿದು ಶುರು ಮಾಡಿದೆ. ಎರಡು ಸುತ್ತು ಹಾಕುವಷ್ಟರಲ್ಲಿ ಜಟ್ಟಪ್ಪ ಔಷಧಿ ಕಲಸುವುದನ್ನು ನಿಲ್ಲಿಸಿ ಹತ್ತಿರ ಬಂದ.

"ಅಲ್ಲ ಮಾರಾಯ್ತಿ, ಯಾರು ಕಲ್ಸಿದ್ದು ಇದನ್ನ?"

ಅಪ್ಪ ಅಂದೆ. ಅಪ್ಪ ಯಾವ ಪಡೆ ಅಂತ ಕೇಳಿದ. ಕುದುರೆ ದಳ ಅಂದೆ.

"ಅದಕ್ಕೇ ಮತ್ತೆ. ಇದು ಸವಾರನ ಪಟ್ಟಿ. ಕುದ್ರೆ ಮೇಲೆ ಕೂರೋರು ಮೇಲಿಂದ ಕೆಳಗೆ ಕಟ್ತಾರೆ. ನಡೆಯೋ ಸಿಪಾಯಿ ಕೆಳಗಿಂದ ಮೇಲೆ ಕಟ್ಬೇಕು. ನೀನು ಗಿರಣೀಲಿ ಕುದ್ರೆ ಹತ್ತಿ ಕೂತಿರ್ತೀಯಾ?"

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಮೊದಲು ಅಪ್ಪನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಅಪ್ಪ ಕೂತಿದ್ದ, ನಿಂತದ್ದು ಕುದುರೆ. ನಾನು ಕುದುರೆಯ ಕೆಲಸ ಮಾಡುತ್ತಾ ಸವಾರನ ಪಟ್ಟಿ ಕಟ್ಟಿಕೊಂಡಿದ್ದೆ. ಮೇಲೆ ಬಿಗಿ, ಕೆಳಗೆ ಸಡಿಲ. ಹುಚ್ಚಮ್ಮನ ದಾರಕ್ಕೂ ನನ್ನ ಪಟ್ಟಿಗೂ ವ್ಯತ್ಯಾಸವೇ ಇರಲಿಲ್ಲ, ನನ್ನದು ಸ್ವಲ್ಪ ಅಗಲ ಅಷ್ಟೇ.

ಡಾಕ್ಟರ ಹತ್ತಿರ ಪೇಟೆಯಿಂದ ತರಿಸಿದ ಹಿಗ್ಗುವ ಬ್ಯಾಂಡೇಜು ಒಂದೇ ಒಂದಿತ್ತು, ಅದು ಯಾರದೋ ಮೊಣಕೈಯಲ್ಲಿತ್ತು. ಉಣ್ಣೆಯ ಪಟ್ಟಿಯೇ ಸಾಕು ಅಂದರು. ಹುಣ್ಣು ತೊಳೆದು ಮದ್ದು ಹಚ್ಚಿ, ಕುದಿಸಿ ಒಣಗಿಸಿದ ಬಟ್ಟೆ ಇಟ್ಟು, ಅದರ ಮೇಲೆ ಜಟ್ಟಪ್ಪ ಕಟ್ಟಿದ. ಸಿಪಾಯಿಗಳಿಗೆ ಬೂಟು ಇರುತ್ತದೆ, ಕಣಕಾಲಿನಿಂದ ಶುರು ಮಾಡಿದರೆ ಆಯಿತು. ಬರಿಗಾಲಿನವಳಿಗೆ ಬೆರಳುಗಳ ಬುಡದಿಂದಲೇ ಬರಬೇಕು, ಹಿಮ್ಮಡಿ ಬಿಡಬಾರದು ಅಂತ ಡಾಕ್ಟರು ತಿದ್ದಿದರು. ಕಣಕಾಲಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋಗುತ್ತಾ ಹೋಗುತ್ತಾ ಕಡಿಮೆ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಇಳಿಸುವ ಮುಂಚೆ ಕಟ್ಟಬೇಕು, ಮಲಗುವಾಗ ಬಿಚ್ಚಿ ಕಾಲನ್ನು ಎತ್ತರದಲ್ಲಿ ಇಡಬೇಕು. ಬೆರಳು ತಣ್ಣಗಾದರೆ, ಬಿಳುಚಿದರೆ, ಜೋಮು ಹಿಡಿದರೆ ಆ ಕ್ಷಣವೇ ಬಿಚ್ಚಬೇಕು. ನಾಡಿ ನೋಡದೆ ಯಾರಿಗೂ ಕಟ್ಟಬಾರದು, ಇಳಿಯುವ ರಕ್ತವೇ ಸರಿಯಿಲ್ಲದ ಕಾಲಿಗೆ ಕಟ್ಟಿದರೆ ಕಾಲೇ ಹೋಗುತ್ತದೆ ಅಂತಲೂ ಎಚ್ಚರಿಸಿದರು.

ಕೊನೆಗೆ, ನಿಲ್ಲುವ ಕೆಲಸ ಬಿಟ್ಟರೆ ಒಳ್ಳೆಯದು ಅಂದರು.

"ನಿಲ್ಲೋದು ಬಿಟ್ರೆ ಗಿರಣಿ ಬಿಟ್ಟಂಗೆ. ಅದೊಂದು ಹೇಳ್ಬ್ಯಾಡ್ರಿ," ಅಂದೆ.

ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಕಂಬದ ಹಾಗೆ ನಿಲ್ಲಬೇಡಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಎರಡು ಹೆಜ್ಜೆ ಹಿಂದೆ ಮುಂದೆ ಹಾಕಿ, ಮೀನಖಂಡಕ್ಕೆ ಕೆಲಸ ಕೊಡಿ ಅಂದರು.

ಕೊಟ್ಟೆ. ಗಿರಣಿಯ ಸದ್ದಿಗೆ ಸರಿಯಾಗಿ ಹಿಮ್ಮಡಿ ಎತ್ತಿ ಇಳಿಸುತ್ತಾ, ಎಡ ಬಲ ಹೆಜ್ಜೆ ಹಾಕುತ್ತಾ ಬೀಸತೊಡಗಿದೆ. ದಫೇದಾರಮ್ಮ ಪರೇಡಿಗೂ ನಿಂತಳು ಅಂತ ಊರಿಗೆ ಹೊಸ ಖುಷಿಯಾಯಿತು. ಕ್ಷೌರದಂಗಡಿಯವರು ಕೆಲಸ ಬಿಟ್ಟು ಬಂದು ನೋಡಿಕೊಂಡು ಹೋದರು. ನೋಡಲಿ ಅಂತ ಬಾಗಿಲ ಎರಡೂ ರೆಕ್ಕೆ ತೆಗೆದಿಟ್ಟೆ. ಮುಚ್ಚಿಕೊಂಡು ನಾಚುವ ಕಾಲ ಮುಗಿದಿತ್ತು.

ಮೊದಲ ವಾರಕ್ಕೇ ಸಂಜೆಯ ಭಾರ ಇಳಿಯಿತು. ಎರಡನೆಯ ವಾರ ಊದಿದ ಚರ್ಮ ಸುಕ್ಕಾಯಿತು, ಆ ಸುಕ್ಕು ನೋಡಿ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಒಂದು ದಿನ ಆಸೆ ಹೆಚ್ಚಾಗಿ ಪಟ್ಟಿಯನ್ನು ವಿಪರೀತ ಬಿಗಿದೆ. ಬೆರಳುಗಳು ಹಿಟ್ಟಿನಷ್ಟು ಬೆಳ್ಳಗಾದವು, ಗಾಬರಿಯಿಂದ ಬಿಚ್ಚಿದೆ, ಹುಣ್ಣಿನ ಅಂಚು ಮತ್ತೆ ಒಡೆದು ಎಂಟು ದಿನದ ಗಳಿಕೆ ಹೋಯಿತು. ಕೂತು ಅತ್ತುಬಿಟ್ಟೆ. ಮತ್ತೆ ಕಟ್ಟಿದೆ, ಈ ಸಲ ಬೆಲ್ಟು ಬಿಗಿಯುವ ಹಾಗೆ. ಬೆಲ್ಟು ಸಡಿಲಾದರೆ ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗ್ ಸುಡುತ್ತದೆ. ಎರಡು ವರ್ಷದಿಂದ ನನ್ನ ಕೈಗೆ ಗೊತ್ತಿದ್ದದ್ದೇ, ಕಾಲಿಗೆ ಮಾತ್ರ ತಡವಾಗಿ ಹೊಳೆಯಿತು. ಸಂಕ್ರಾಂತಿಯ ಹೊತ್ತಿಗೆ ಹುಣ್ಣು ಹೆಬ್ಬೆರಳಿನ ಉಗುರಿನಷ್ಟಾಯಿತು.

ಶಿವರಾತ್ರಿಯ ಮರುದಿನ ಚೌಡಪ್ಪ ಬಂದ. ಜೊತೆಗೆ ರಾಮಪ್ಪ, ಅವರ ಭಾವ, ಹಿಂದೆ ತುಂಗಮ್ಮ. ಬೀಸಲು ಬಂದ ಏಳೆಂಟು ಹೆಂಗಸರು ಬುಟ್ಟಿ ಹಿಡಿದು ಸಾಲಿನಲ್ಲಿದ್ದರು. ಮಾತು ಕೇಳಿಸಲಿ ಅಂತ ಇಂಜಿನ್ನು ನಿಲ್ಲಿಸಿದೆ. ಒಣಗಿದೆ, ನೋಡಿ ಅಂತ ಹೇಳಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಕಾಲು ಮುಂದೆ ಇಟ್ಟೆ.

ರಾಮಪ್ಪನವರು ಥಟ್ಟನೆ ಮುಖ ಆ ಕಡೆ ತಿರುಗಿಸಿದರು. ಪರರ ಮನೆಯ ಹೆಂಗಸಿನ ಕಾಲು ನಾವು ನೋಡುವುದೇ, ಛೆ ಛೆ, ನಮಗೂ ಅಕ್ಕತಂಗಿಯರಿದ್ದಾರೆ ಅಂದರು. ಅವರ ಭಾವನೂ ತಲೆಯಾಡಿಸಿದರು. ಆರು ತಿಂಗಳಿನಿಂದ ಈ ಕಾಲಿನ ಸುದ್ದಿಯನ್ನು ಎಲೆಅಡಿಕೆಯ ಜೊತೆ ಅಗಿದವರು ಇವರೇ. ಚೌಡಪ್ಪನಿಗೆ ಅದೇ ಬೇಕಾಗಿತ್ತು. ನೋಡುವ ಹಾಗಿಲ್ಲ ಅಂದಮೇಲೆ ಅತ್ತಿಗೆಯ ಬಾಯಿಮಾತನ್ನು ನಂಬುವುದು ಹೇಗೆ, ಬೆಳಿಗ್ಗೆ ಕೂಡ ಪಟ್ಟಿ ಕಟ್ಟಿಕೊಂಡೇ ಇದ್ದಾರೆ, ವಾಸಿಯಾದವರು ಯಾಕೆ ಕಟ್ಟುತ್ತಾರೆ ಅಂತ ವಾದ ಹೂಡಿದ. ಸಾಲಿನಲ್ಲಿದ್ದ ನಿಂಗಮ್ಮ, ನಾವು ನೋಡಿ ಹೇಳುತ್ತೇವೆ ಅಂದಳು. ನೀವೆಲ್ಲ ಅವಳ ಗಿರಾಕಿಗಳು, ನಿಮ್ಮ ಸಾಕ್ಷಿ ನಡೆಯುವುದಿಲ್ಲ ಅಂದ.

"ಹಂಗಾರೆ ತುಂಗಮ್ಮ ನೋಡ್ಲಿ," ಅಂದೆ. "ನಿನ್ನ ಹೆಂಡ್ತಿ. ಅವಳು ಹಸಿ ಐತೆ ಅಂದ್ರೆ ಈಗ್ಲೇ ಬೀಗದಕೈ ಕೊಡ್ತೀನಿ."

ಬಾಯಿಂದ ಮಾತು ಜಾರಿದ ಮೇಲೆ ಆಡಬಾರದಿತ್ತು ಅನ್ನಿಸಿತು. ಗಂಡನಿಗೆ ಒಂದು ದಿನವೂ ಎದುರಾಡಿದವಳಲ್ಲ ತುಂಗಮ್ಮ. ಚೌಡಪ್ಪನಿಗೂ ಅದು ಗೊತ್ತು, ಮೀಸೆಯ ಅಡಿಯಲ್ಲೇ ನಗುತ್ತಾ ಅವಳನ್ನು ಮುಂದೆ ತಳ್ಳಿದ. ಹಿರಿಯರು ಇದು ನ್ಯಾಯ ಅಂದರು. ನನ್ನ ಯಜಮಾನರ ಗಿರಣಿ, ನನ್ನ ಎರಡು ವರ್ಷದ ನಿಲುವು, ಎಲ್ಲ ಆ ಮೂಕಿಯ ಬಾಯಲ್ಲಿತ್ತು.

ಅವಳು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಡಗಾಲಿನ ಪಟ್ಟಿಯನ್ನು ಬಿಚ್ಚಿದಳು. ಒಂದೊಂದೇ ಸುತ್ತನ್ನು ಬೆರಳಲ್ಲಿ ತಡವುತ್ತಾ, ಎಲ್ಲಿ ಬಿಗಿ ಇದೆ ಎಲ್ಲಿ ಸಡಿಲ ಇದೆ ಅಂತ ನೋಡುತ್ತಾ ನಿಧಾನವಾಗಿ ಬಿಚ್ಚಿದಳು. ಬಟ್ಟೆ ತೆಗೆದಳು. ಹುಣ್ಣಿದ್ದ ಜಾಗದಲ್ಲಿ ಎಳೆಯ ಗುಲಾಬಿ ಬಣ್ಣದ ಚರ್ಮ ಕೂಡಿಕೊಂಡಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಬಗ್ಗಿ ಮೂಸಿ ಕೂಡ ನೋಡಿದಳು. ಇಷ್ಟು ಹೊತ್ತು ಯಾಕೆ ಅಂತ ನನಗೆ ತಿಳಿಯಲಿಲ್ಲ.

"ಹಸಿ ಐತಲ್ಲ? ಹೇಳೇ," ಅಂದ ಚೌಡಪ್ಪ.

"ಒಣಗೈತೆ."

ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳಮ್ಮ ಅಂದರು ರಾಮಪ್ಪನವರು, ಮುಖ ಇನ್ನೂ ಗೋಡೆಯ ಕಡೆ ಇಟ್ಟುಕೊಂಡೇ.

"ಒಣಗೈತೆ ಅಂದ್ನಲ್ಲ." ಈ ಸಲ ಬೀದಿಗೆ ಕೇಳಿಸಿತು.

ಆಮೇಲೆ ಅವಳು ಎದ್ದು ಹೋಗಲಿಲ್ಲ. ಪಕ್ಕದ ಜೋಳದ ಚೀಲದ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಎರಡೂ ಕಾಲಿನ ಮೇಲೆ ನನ್ನದಕ್ಕಿಂತ ದಪ್ಪನೆಯ ನೀಲಿ ಗಂಟುಗಳು, ಕಣಕಾಲು ಮಸಿಯಷ್ಟು ಕಪ್ಪು, ಎರಡೂ ಕಡೆ ಹಳೆಯ ಚಿಂದಿ ಸುತ್ತಿ ಮುಚ್ಚಿದ ಹುಣ್ಣು. ಹಿರಿಯರಿಬ್ಬರೂ ಕಾಲಿಗೆ ಬುದ್ಧಿ ಹೇಳಿದರು, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋದರು.

"ಅಕ್ಕ, ನಂಗೂ ಕಟ್ಟು," ಅಂದಳು ತುಂಗಮ್ಮ.

ಎಷ್ಟು ದಿನದಿಂದ ಅಂತ ಕೇಳಿದೆ. ಮೂರನೆಯದು ಹುಟ್ಟಿದಾಗಿನಿಂದ ಅಂದಳು. ಆ ಮಗುವಿಗೆ ಈಗ ಏಳು ವರ್ಷ. ನನಗೆ ಬಹಳ ನಾಚಿಕೆಯಾಯಿತು. ಎರಡು ವರ್ಷ ಇವಳು ಬುಟ್ಟಿ ಹೊತ್ತು ಬಂದು ಇದೇ ಸಾಲಿನಲ್ಲಿ ನಿಂತು ಹೋಗಿದ್ದಳು. ನನ್ನ ಕಾಲಿನ ಜಂಬದಲ್ಲಿ ನಾನು ಇವಳ ಮೌನವನ್ನು ಬೈದುಕೊಂಡಿದ್ದೆನೇ ಹೊರತು ಒಂದು ಸಲ ಕೂತುಕೋ ಅಂದಿರಲಿಲ್ಲ.

ಚೌಡಪ್ಪ ಹೆಂಡತಿಯ ಕಾಲನ್ನು ನೋಡುತ್ತಾ ನಿಂತಿದ್ದ. ಆರು ಮಕ್ಕಳ ತಂದೆ, ಆ ಕಾಲನ್ನು ಈಗಲೇ ಮೊದಲ ಸಲ ನೋಡುತ್ತಿದ್ದಾನೆ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. "ಮನಿಗೆ ನಡಿ," ಅಂದ. ದನಿಯಲ್ಲಿ ಜೋರಿರಲಿಲ್ಲ.

"ಕಟ್ಟಿ ಮುಗೀಲಿ," ಅಂದಳು ಅವಳು, ಅವನ ಕಡೆ ನೋಡದೆ. "ಆಮ್ಯಾಲೆ ನಡ್ಕಂಡು ಬರ್ತೀನಿ."

ನಾನು ಅವಳ ಎರಡೂ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಸಿಕ್ಕಿತು, ಗಟ್ಟಿಯಾಗಿತ್ತು. ಈ ವಾರವೇ ಸೊರಬಕ್ಕೆ ಕರೆದುಕೊಂಡು ಹೋಗುತ್ತೇನೆ, ಡಾಕ್ಟರು ನೋಡಲಿ, ಇವತ್ತಿಗೆ ಒಂದು ಕಾಲಿಗೆ ಕಟ್ಟುತ್ತೇನೆ ಅಂದೆ. ಒಗೆದಿಟ್ಟಿದ್ದ ಬಟ್ಟೆ ಹುಣ್ಣಿನ ಮೇಲೆ ಹಾಕಿ, ನನ್ನ ಬಲಗಾಲಿನ ಪಟ್ಟಿಯನ್ನು ಬಿಚ್ಚಿ ಉಂಡೆ ಸುತ್ತಿದೆ. ನೆಲದ ತುಂಬ ಹಿಟ್ಟು, ಧೂಳು. ಉಂಡೆ ಹಿಡಿಯಲು ಇನ್ನೊಂದು ಕೈ ಬೇಕಾಗಿತ್ತು. ನಿಂಗಮ್ಮ ಬುಟ್ಟಿ ಇಳಿಸಿ ಮುಂದೆ ಬಂದಳು. ನಾನು ಬೇಡ ಅಂದೆ.

"ಚೌಡಪ್ಪ, ನೀನು ಹಿಡ್ಕ. ನೆಲಕ್ಕೆ ತಾಗಿಸ್ಬ್ಯಾಡ, ಜಗ್ಗಬ್ಯಾಡ. ನಾನು ಕೇಳ್ದಷ್ಟೇ ಬಿಡು."

ಅವನು ಬಾಗಿಲ ಕಡೆ ನೋಡಿದ. ಹಿರಿಯರು ಆಗಲೇ ಬೀದಿಯ ತಿರುವು ದಾಟಿದ್ದರು. ಏಳೆಂಟು ಹೆಂಗಸರು ಬುಟ್ಟಿ ಹಿಡಿದು ಅವನನ್ನೇ ನೋಡುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ಅವನು ಕೈ ಚಾಚಿ ಉಂಡೆ ತೆಗೆದುಕೊಂಡ. ನಿಂತು ಹಿಡಿದರೆ ಪಟ್ಟಿ ಮೇಲಿನಿಂದ ಜಗ್ಗುತ್ತದೆ, ಕೆಳಗೆ ಬಾ ಅಂದೆ.

ಅವನು ಹೆಂಡತಿಯ ಕಾಲಿನ ಹತ್ತಿರ ನೆಲದ ಮೇಲೆ ಕೂತ. ನಾನು ಬೆರಳುಗಳ ಬುಡದಿಂದ ಶುರು ಮಾಡಿದೆ.